ಬಡಗಣ ಗೋಡೆಯ ಬಾಗಿಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಊಟ ಮಾಡಿದ ನೆನಪು ನನಗೆ ಒಂದೂ ಇಲ್ಲ. ಮೇಜೇನೋ ಇತ್ತು, ಆರು ಜನ ಕೂರುವಂಥದು. ಆಸ್ಟಿನ್‌ನಲ್ಲಿ ಯಾರೋ ಓದು ಮುಗಿಸಿ ಊರು ಬಿಡುವಾಗ ಕಸದ ತೊಟ್ಟಿಯ ಪಕ್ಕ ಇಟ್ಟುಹೋಗಿದ್ದನ್ನು ಅಪ್ಪ, ಅವ್ವ ಇಬ್ಬರೇ ಎರಡನೆಯ ಮಹಡಿಗೆ ಹೊತ್ತು ತಂದಿದ್ದರು. ಅದರ ಮೇಲೆ ಈ ಕೊನೆಯಿಂದ ಆ ಕೊನೆಯವರೆಗೆ ಒಂದು ಕೋಟೆ ಹಾಸಿಕೊಂಡಿತ್ತು. ಸ್ಕಾಟ್ಲೆಂಡಿನ ಈಶಾನ್ಯದ ಮೂಲೆಯಲ್ಲಿ ಹಾಳುಬಿದ್ದಿರುವ ಕೋಟೆ. ಅದರ ಪಕ್ಕಕ್ಕೆ ನಾಲ್ಕು ಕಡೆ ಗೋಡೆ ಕಟ್ಟಿದ ಒಂದು ತೋಟ. ಅವ್ವ ಆ ತೋಟದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನಕ್ಷೆಗಳು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ಬೇಳೆಯ ಡಬ್ಬಿಗಳನ್ನು ಇಟ್ಟಿರುತ್ತಿದ್ದಳು. ತೊಗರಿಬೇಳೆ ಬೇಕಾದ ದಿನ ಕೋಟೆಯ ಒಂದು ಮೂಲೆ ಎದ್ದು ಮಡಚಿಕೊಳ್ಳುತ್ತಿತ್ತು. ನಾವು ಕೆಳಗೆ ಕಾರ್ಪೆಟ್ಟಿನ ಮೇಲೆ ಹಳೆಯ ಚಾದರ ಹಾಸಿಕೊಂಡು ಉಣ್ಣುತ್ತಿದ್ದೆವು. ಶಾಲೆಯ ಗೆಳತಿ ಒಬ್ಬಳು ಬಂದಾಗ, ನಿಮ್ಮ ದೇಶದಲ್ಲಿ ಹೀಗೇ ಕೂತು ಉಣ್ಣುವುದಾ ಎಂದು ಕೇಳಿದಳು. ಹೌದು ಎಂದೆ. ನಿಜ ಹೇಳುವುದು ಇನ್ನೂ ಕಷ್ಟವಿತ್ತು.

ಅವ್ವ ವಿಜಯಪುರದವಳು. ಅವಳ ಅಪ್ಪ, ಅಂದರೆ ನನ್ನ ಅಜ್ಜ, ಅಲ್ಲಿಯ ಒಂದು ಹಾಳು ಅರಮನೆಯ ಕಾವಲುಗಾರನಾಗಿ ಮೂವತ್ತು ವರ್ಷ ಕೆಲಸ ಮಾಡಿದವ. ಬೆಳಿಗ್ಗೆ ಗೇಟು ತೆಗೆಯುವುದು, ಬಾವಲಿಯ ಹಿಕ್ಕೆ ಗುಡಿಸುವುದು, ಗೋಡೆಯ ಮೇಲೆ ತಮ್ಮ ಹೆಸರು ಕೆತ್ತುವ ಹುಡುಗರನ್ನು ಓಡಿಸುವುದು, ಸಂಜೆ ಗೇಟು ಹಾಕುವುದು. ಮಧ್ಯಾಹ್ನ ಅವನಿಗೆ ಬುತ್ತಿ ಒಯ್ಯುತ್ತಿದ್ದವಳು ಅವ್ವ. ಕಮಾನಿನ ನೆರಳಲ್ಲಿ ಕೂತು ಅಜ್ಜ ಉಣ್ಣುವಾಗ ಅವಳು ಬಿದ್ದ ಗೋಡೆಗಳನ್ನು ಎಣಿಸುತ್ತ ಬೆಳೆದಳಂತೆ. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ, ಮದುವೆಯಾಗಿ, ನನ್ನನ್ನು ಹೆತ್ತು, ಆಮೇಲೆ ಆಸ್ಟಿನ್‌ಗೆ ಓದಲು ಬಂದಳು. ತನ್ನ ಊರಿನ ಅರಮನೆಗಳ ಮೇಲೆಯೇ ಕೆಲಸ ಮಾಡಬೇಕೆಂಬ ಆಸೆ ಅವಳಿಗೆ ಇತ್ತು. ಆದರೆ ಅದನ್ನು ನೋಡಿ ಸರಿ ತಪ್ಪು ಹೇಳುವವರು ಆ ವಿಭಾಗದಲ್ಲಿ ಯಾರೂ ಇರಲಿಲ್ಲ. ಅವಳ ಪ್ರೊಫೆಸರಮ್ಮ ಸ್ಕಾಟ್ಲೆಂಡಿನ ತೋಟಗಳ ಪಂಡಿತೆ. ಅವರ ಕಪಾಟಿನಲ್ಲಿ ಒಂದು ಕೋಟೆಯ ನಕ್ಷೆ, ಫೋಟೋ, ಹಳೆಯ ಪತ್ರಗಳ ನಕಲು ಎಲ್ಲ ಸಿದ್ಧವಾಗಿ ಕೂತಿದ್ದವು. ಯಾರಾದರೂ ಕೈಗೆತ್ತಿಕೊಳ್ಳಬೇಕಿತ್ತು. ಅವ್ವ ಎತ್ತಿಕೊಂಡಳು. ನಮ್ಮ ಮನೆಗೆ ಕೋಟೆ ಬಂದದ್ದು ಹೀಗೆ.

ರೊಟ್ಟಿ ತಟ್ಟುತ್ತ ಅವ್ವ ಆ ಕೋಟೆಯ ಕತೆಯನ್ನು ನನಗೆ ನೂರು ಸಲ ಹೇಳಿದ್ದಾಳೆ. ಅಲ್ಲಿಯ ಒಡೆಯನನ್ನು ಅವಳು ಗೌಡ ಎಂದೇ ಕರೆಯುತ್ತಿದ್ದಳು, ಅವನ ಹೆಂಡತಿಯನ್ನು ಗೌಡಸಾನಿ. ಗೌಡನ ಹಿರಿಯರು ಹೆದರಿಕೊಂಡು ಕಟ್ಟಿದ ಕೋಟೆ ಅದು: ಆಳೆತ್ತರ ದಪ್ಪದ ಗೋಡೆ, ಕೈ ತೂರದ ಕಿಟಕಿ. ಈ ಗೌಡ ಮಾತ್ರ ದೇಶ ಸುತ್ತಿ, ಪುಸ್ತಕ ಓದಿ ಬಂದವ. ಕಾದಾಡುವ ಕಾಲ ಮುಗಿಯಿತು, ಇನ್ನು ತೋಟ ಮಾಡೋಣ ಎಂದನಂತೆ. ಕೋಟೆಗೆ ಅಂಟಿಕೊಂಡಂತೆ ಚೌಕಾಕಾರದ ಜಾಗಕ್ಕೆ ಕೆಂಪು ಕಲ್ಲಿನ ಗೋಡೆ ಹಾಕಿಸಿ, ಆ ಗೋಡೆಯ ಒಳಮೈಗೆ ಏಳು ಗ್ರಹಗಳ ಮೂರ್ತಿ ಕೆತ್ತಿಸಿದ. ನಾಲ್ಕೈದು ವರ್ಷದಲ್ಲಿ ಸತ್ತೂಹೋದ. ಮಕ್ಕಳು, ಮೊಮ್ಮಕ್ಕಳು ಹೊಲ, ಕಾಡು ಎಲ್ಲ ಮಾರಿದರು. ಒಂದು ಯುದ್ಧದಲ್ಲಿ ಸಿಪಾಯಿಗಳು ಬಂದು ಇಳಿದುಕೊಂಡು ಬಾಗಿಲು ಕಿಟಕಿಗಳನ್ನು ಒಲೆಗೆ ಹಾಕಿದರು. ಕೊನೆಗೆ ಚಾವಣಿಯನ್ನೂ ಕಿತ್ತು ಮಾರಿದರು. ಸುತ್ತಲಿನ ಜನ ಕಲ್ಲು ಒಯ್ದು ದನದ ಕೊಟ್ಟಿಗೆ ಕಟ್ಟಿಕೊಂಡರು. ಗ್ರಹಗಳ ಕೆಳಗೆ ಕುರಿ ಮೇಯ್ದವು. ಈಗ ಜನ ಟಿಕೆಟು ಕೊಂಡು ನೋಡುವ ಗುಲಾಬಿ ಪಾತಿಗಳು, ಕತ್ತರಿಸಿ ನಿಲ್ಲಿಸಿದ ಬೇಲಿಗಳು ಎಲ್ಲ ಬಹಳ ಈಚೆಗೆ ಹಾಕಿದ್ದು. ಹಾಗಾದರೆ ಗೌಡ ತನ್ನ ಕಾಲದಲ್ಲಿ ಅಲ್ಲಿ ಏನು ನೆಟ್ಟಿದ್ದ? ಇದು ಅವ್ವನ ಪ್ರಶ್ನೆ. ಗೌಡನ ಪತ್ರಗಳಲ್ಲಿ ಅವಳಿಗೆ ಗಿಡಮೂಲಿಕೆಗಳ ಒಂದು ಪಟ್ಟಿ ಸಿಕ್ಕಿತ್ತು. ಪ್ರತಿ ಗ್ರಹದ ಬುಡದಲ್ಲಿ ಆ ಗ್ರಹಕ್ಕೆ ಸೇರಿದ ಗಿಡಗಳನ್ನೇ ನೆಡಿಸಿದ್ದ ಎಂದು ತೋರಿಸಲು ಮೂರು ವರ್ಷದಿಂದ ಪಾತಿ ಪಾತಿಯಾಗಿ ಬರೆಯುತ್ತಿದ್ದಳು.

ಆ ಕೋಟೆಯನ್ನು ಅವಳು ಕಣ್ಣಿಂದ ನೋಡಿರಲಿಲ್ಲ. ಹೋಗಬೇಕೆಂದಿದ್ದ ಬೇಸಿಗೆಯಲ್ಲೇ ಅಪ್ಪನ ಕಂಪನಿಯವರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರು. ಕಾಗದ ಕೈಗೆ ಬರುವವರೆಗೆ ದೇಶ ಬಿಟ್ಟು ಹೊರಗೆ ಕಾಲಿಡಬೇಡಿ ಎಂದು ವಕೀಲರು ಹೇಳಿದರು. ಆ ಬೇಸಿಗೆ ಹೋಯಿತು, ಮುಂದಿನ ಬೇಸಿಗೆಯೂ ಹೋಯಿತು. ಅಪ್ಪನ ಕೆಲಸ ಹೂಸ್ಟನ್‌ನಲ್ಲಿ. ವಾರದ ಐದು ದಿನ ಅಲ್ಲೇ ಗೆಳೆಯರ ಜತೆ ಕೋಣೆ ಹಂಚಿಕೊಂಡಿದ್ದು, ಶುಕ್ರವಾರ ಸಂಜೆ ಮೂರು ತಾಸು ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಬರುವಾಗ ಅಲ್ಲಿಯ ಹಿಲ್‌ಕ್ರಾಫ್ಟ್ ಬೀದಿಯ ನಮ್ಮವರ ಅಂಗಡಿಯಿಂದ ಜೋಳದ ಹಿಟ್ಟು, ಮೆಂತ್ಯ ಸೊಪ್ಪು ತರುತ್ತಿದ್ದ. ಅಪ್ಪ ಮೈಸೂರಿನವನು, ರೊಟ್ಟಿ ಅವನಿಗೆ ಅಷ್ಟಕ್ಕಷ್ಟೇ. ಹಿಟ್ಟಿನ ಚೀಲ ಇಳಿಸಿ ಸೋಫಾದಲ್ಲಿ ಕೂತರೆ ಹತ್ತು ನಿಮಿಷ ಮಾತಾಡುತ್ತಿರಲಿಲ್ಲ. ಆಮೇಲೆ ಪ್ರತಿ ವಾರ ಅದೇ ಮಾತು.

"ಕಮಲಾ, ಎಷ್ಟು ದಿನ ಅಂತ ನಾನೊಂದೂರು ನೀನೊಂದೂರು? ಹೂಸ್ಟನ್‌ಗೆ ಶಿಫ್ಟ್ ಆಗ್ಬಿಡೋಣ. ಬರೆಯೋದನ್ನ ಅಲ್ಲೂ ಬರೀಬಹುದಲ್ವಾ?"

"ಈ ಒಂದು ಅಧ್ಯಾಯ ಮುಗೀಲಿ ರೀ."

ಅವರ ಜಗಳದಲ್ಲಿ ಕೂಗಾಟ ಇರುತ್ತಿರಲಿಲ್ಲ. ಕೂಗಲು ಇಬ್ಬರಿಗೂ ತ್ರಾಣ ಇರಲಿಲ್ಲ. ಅವ್ವ ಬೆಳಿಗ್ಗೆ ನನ್ನನ್ನು ಶಾಲೆಗೆ ಕಳಿಸಿ, ಬಸ್ಸಿನಲ್ಲಿ ಯೂನಿವರ್ಸಿಟಿಗೆ ಹೋಗಿ, ಮಕ್ಕಳಿಗೆ ಪಾಠ ಮಾಡಿ, ಅವರ ಪೇಪರು ತಿದ್ದಿ, ಸಂಜೆ ಬಂದು ಒಲೆ ಹಚ್ಚಿ, ಆಮೇಲೆ ಮೇಜಿನ ಮುಂದೆ ಕೂರುತ್ತಿದ್ದಳು. ತವೆಯ ಮೇಲೆ ರೊಟ್ಟಿ ಇರುವಾಗ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ಸೀದ ವಾಸನೆಗೆ ನಾನೇ ಓಡಿ ಬಂದು ಎಬ್ಬಿಸಬೇಕಿತ್ತು. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ತಿದ್ದುವ ತಾಳ್ಮೆಯೂ ಅವಳಿಗೆ ಉಳಿದಿರಲಿಲ್ಲ.

ನನಗೆ ಹತ್ತು ವರ್ಷವಾದಾಗ ಅಜ್ಜ ಆರು ತಿಂಗಳಿಗೆಂದು ಬಂದ. ಅಜ್ಜಿ ತೀರಿಹೋಗಿ ವರ್ಷವಾಗಿತ್ತು. ಧೋತರ, ತಲೆಗೆ ಬಿಳಿ ಟೊಪ್ಪಿಗೆ, ಮೇಲೆ ಅಪ್ಪನ ಹಳೆಯ ಜಾಕೆಟ್ಟು. ಇಂಗ್ಲಿಷು ಅವನಿಗೆ ಬೋರ್ಡಿನ ಮೇಲಿನಷ್ಟೇ ಗೊತ್ತು: 'ಡು ನಾಟ್ ಟಚ್', 'ನೋ ಎಂಟ್ರಿ'. ಶಾಲೆಯಿಂದ ಬಂದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವನ ಜತೆ ಮಾತಾಡಬೇಕೆಂದರೆ ಕನ್ನಡವೇ ಆಗಬೇಕು. ನನ್ನ ನಾಲಗೆ ತಿರುಗಿದ್ದು ಆಗ. ಅವ್ವ ಬೇಡವೆಂದು ಎಸೆದ ನಕ್ಷೆಗಳ ಬೆನ್ನಿಗೆ ಅಆಇಈ ಬರೆಸಿದ. ಒತ್ತಕ್ಷರ ಬಿಟ್ಟರೆ ಗದರುತ್ತಿದ್ದ. ಹಗಲೆಲ್ಲ ಒಬ್ಬನೇ ಇರುತ್ತಿದ್ದನಲ್ಲ, ಹೊತ್ತು ಹೋಗಲೆಂದು ಆ ಮೇಜಿನ ಮುಂದೆ ನಿಂತು ಕೋಟೆಯನ್ನು ನೋಡುತ್ತಿದ್ದ. ಮುಟ್ಟುತ್ತಿರಲಿಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡು ನೋಡುತ್ತಿದ್ದ. ಮೊದಲ ದಿನ ಗ್ರಹಗಳ ಫೋಟೋ ನೋಡಿ, "ಏಳ ಅದಾವಲ್ಲ ತಂಗಿ. ರಾಹು ಕೇತು ಎಲ್ಲಿ ಹೋದ್ರು?" ಎಂದು ನನ್ನನ್ನು ಕೇಳಿದ. ಅವ್ವ ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕಳು. ತನ್ನ ಕೆಲಸವನ್ನು ಅಜ್ಜನಿಗೆ ತೋರಿಸುವ ಹುರುಪಿನಲ್ಲಿ ಎರಡು ಸಂಜೆ ಕೂತು ಎಲ್ಲವನ್ನೂ ವಿವರಿಸಿದಳು: ಇದು ಶನಿಯ ಪಾತಿ, ಇದು ಚಂದ್ರನದು, ಇಲ್ಲಿ ಇಂಥ ಗಿಡ. ಅಜ್ಜ ಹೂಂಗುಟ್ಟಿದ. ಮೂರನೆಯ ದಿನ ನಾವು ಚಾದರದ ಮೇಲೆ ಉಣ್ಣುತ್ತಿದ್ದಾಗ ಕೇಳಿದ.

"ಕಮಲವ್ವಾ, ಈ ತ್ವಾಟಕ್ಕ ಗೊಬ್ಬರ ಎಲ್ಲಿಂದ ಬರ್ತಿತ್ತು?"

"ಅಲ್ಲೇ ಊರಾಗ ದನ ಇದ್ದೂವಲ್ಲಪ್ಪಾ."

"ಅದಲ್ಲ. ಒಳಗ ಯಾವ ಕಡಿಂದ ತರತಿದ್ರು ಅಂತ. ನಾಕೂ ಕಡೆ ಗ್ವಾಡಿ ಐತಿ. ಇರೂದು ಒಂದ ಬಾಗಲಾ, ಅದೂ ಗೌಡನ ಪಡಸಾಲಿ ಪಾವಟಿಗಿ ಇಳದು ಬರೂದು. ಹೆಂಡಿ ಬುಟ್ಟಿ ಹೊತ್ತಾವ ಗೌಡಸಾನಿ ಮುಂದ ಹಾಯ್ದು ಬರತಿದ್ದನೇನು?"

ಅವ್ವ ನಕ್ಕಳು. ಈಗಿನವರು ಒಳಗೆ ಹೋಗುವ ಸಂದು ಇದೆಯಲ್ಲ ಎಂದು ಬಾಯಿ ತೆರೆದಳು, ಅಲ್ಲಿಗೇ ನಿಲ್ಲಿಸಿದಳು. ಆ ಸಂದನ್ನು ಬಹಳ ಕಾಲದ ನಂತರ ಗೋಡೆ ಒಡೆದು ಮಾಡಿದ್ದೆಂದು ಅವಳೇ ಬರೆದಿದ್ದಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಇಟ್ಟು, ಎದ್ದು ಹೋಗಿ ಮೇಜಿನ ದೀಪ ಹಾಕಿದಳು. ಅಜ್ಜ ತಪ್ಪು ಮಾಡಿದವನಂತೆ ನನ್ನ ಮುಖ ನೋಡಿದ. ಅವನಿಗೇನು ಗೊತ್ತು? ಅವನು ಮೂವತ್ತು ವರ್ಷ ಬುಟ್ಟಿಯಲ್ಲಿ ಮಣ್ಣು, ಗೊಬ್ಬರ, ಕಸ ಹೊತ್ತು ಹಾಳು ಅರಮನೆಯ ಹುಲ್ಲುಹಾಸು ನೋಡಿಕೊಂಡವ. ಯಾವ ಬಾಗಿಲಿನಿಂದ ಯಾವುದು ಹೋಗಬೇಕು, ಯಾವುದು ಹೋಗಬಾರದು ಎಂಬುದು ಅವನ ಕಾಲಿಗೆ ಗೊತ್ತಿತ್ತು. ಕೇಳಿದ, ಅಷ್ಟೇ.

ಮುಂದಿನ ಹದಿನೈದು ದಿನ ಅವ್ವ ಪತ್ರಗಳನ್ನೆಲ್ಲ ಮತ್ತೆ ಓದಿದಳು. ಗೌಡ ಬದುಕಿರುವಾಗಿನ ಯಾವ ಕಾಗದದಲ್ಲೂ ತೋಟಗಾರನ ಹೆಸರಿಲ್ಲ. ಕಲ್ಲುಕುಟಿಗರಿದ್ದಾರೆ, ಗಾಡಿಯವರಿದ್ದಾರೆ, ಗುದ್ದಲಿ ಹಿಡಿದವನು ಒಬ್ಬನೂ ಇಲ್ಲ. ಅಂದರೆ ಗೋಡೆ ಎದ್ದಿತು, ಗ್ರಹಗಳು ಬಂದವು, ಒಳಗೆ ಒಂದು ಗಿಡವನ್ನೂ ನೆಡುವ ಮೊದಲೇ ಗೌಡ ಸತ್ತ. ಆ ಪಟ್ಟಿ ಬರೀ ಆಸೆಯ ಪಟ್ಟಿ. ಹಾಗಾದರೆ ಅವ್ವನ ಮೂರು ವರ್ಷದ ಪಾತಿಗಳು ಎಲ್ಲಿ ಹೋದವು? ಅವು ಉಳಿಯಲು ಇದ್ದದ್ದು ಒಂದೇ ದಾರಿ: ಗೊಬ್ಬರ ಹೊತ್ತವರು ಬರಲು, ಹಳೆಯ ಕಾಲದಲ್ಲೇ ಮುಚ್ಚಿಹೋದ ಇನ್ನೊಂದು ಬಾಗಿಲು ಇದ್ದಿರಬೇಕು. ಮೂರು ಗೋಡೆಗಳ ಫೋಟೋದಲ್ಲಿ ಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಬಡಗಣ ಗೋಡೆ ಮಾತ್ರ ಯಾವ ಫೋಟೋದಲ್ಲೂ ಬರೀ ಹಸಿರು ಬಳ್ಳಿ. ಬಾಗಿಲು ಹುಡುಕು, ಇಲ್ಲವಾದರೆ ವಾದ ಬದಲಾಯಿಸು ಎಂದರು ಪ್ರೊಫೆಸರಮ್ಮ. ಹೋಗಿ ನೋಡುವಂತಿಲ್ಲ. ಕೋಟೆ ನೋಡಿಕೊಳ್ಳುವ ಕಚೇರಿಗೆ ಅವ್ವ ಬರೆದಳು. ಗೋಡೆಯ ಪರೀಕ್ಷೆಗೆ ಅನುಮತಿ ಇಲ್ಲವೆಂದು ಎರಡು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು.

ಅವ್ವ ನಮ್ಮ ಜತೆ ಉಣ್ಣುವುದನ್ನು ಬಿಟ್ಟಳು. ಅಡಿಗೆಕಟ್ಟೆಯ ಮುಂದೆ ನಿಂತೇ ಎರಡು ತುತ್ತು ತಿಂದು ಮುಗಿಸುತ್ತಿದ್ದಳು. ಅಜ್ಜ ಏನು ಕೇಳಿದರೂ "ಹೂಂ", "ಉಹೂಂ". ಒಂದು ಭಾನುವಾರ ಅಜ್ಜನೇ ಬಾಯಿ ಬಿಟ್ಟ.

"ನಾ ಕೇಳಬಾರದಿತ್ತೇನವಾ?"

"ಕೇಳಬಾರದಿತ್ತು ಅಂತಲ್ಲಪ್ಪಾ," ಎಂದಳು ಅವ್ವ, ಪಾತ್ರೆಯ ಕಡೆ ನೋಡುತ್ತ. "ಮೂರು ವರ್ಷ ಆದ ಮ್ಯಾಲೆ ಕೇಳಿದ್ರಿ. ಮೊದಲ ನಾ ಕೇಳಬೇಕಿತ್ತು. ನಿಮ್ಮ ಮಗಳಾಗಿ ನನಗ ಹೊಳೀಲಿಲ್ಲ ನೋಡ್ರಿ."

ಅಜ್ಜ ಬಾಲ್ಕನಿಗೆ ಹೋಗಿ ಕೂತ. ಕಾರುಗಳು ನಿಲ್ಲುವ ಜಾಗ ಬಿಟ್ಟರೆ ಅಲ್ಲಿಂದ ಕಾಣುವುದು ಏನೂ ಇರಲಿಲ್ಲ. ಮರುದಿನ ನಾನು ಶಾಲೆಯಿಂದ ಬಂದ ಕೂಡಲೇ ಹಾಳೆ, ಪೆನ್ನು ಹಿಡಿದು ಕಾಯುತ್ತಿದ್ದ.

"ತಂಗಿ, ಅಲ್ಲೂ ನನ್ನಂಥಾವ ಒಬ್ಬ ಇರತಾನಿಲ್ಲೋ? ಗೇಟು ತೆಗಿಯಾವ, ಹಾಕಾವ? ಸಾಹೇಬ್ರಿಗೆ ಬರದ್ರ ಹಿಂಗ ಉತ್ತರ ಬರ್ತೈತಿ. ಗೇಟಿನಾವಗ ಬರೀಬೇಕು. ನಾ ಹೇಳ್ತೀನಿ, ನೀ ಇಂಗ್ಲೀಷಿನ್ಯಾಗ ಬರಿ."

ನನ್ನ ಬದುಕಿನ ಮೊದಲ ಅನುವಾದ ಅದು. ಮೂರು ಸಂಜೆ ಹಿಡಿಯಿತು. ಗೊತ್ತಿಲ್ಲದ ಮಾತುಗಳಿಗೆ ಅಜ್ಜ ಕೈಯಲ್ಲಿ ಮಾಡಿ ತೋರಿಸುತ್ತಿದ್ದ, ನಾನು ಅದನ್ನು ಬರೆಯುತ್ತಿದ್ದೆ. ಅವನು ಹೇಳಿದ್ದು ಈಗಲೂ ನನಗೆ ಹೆಚ್ಚು ಕಡಿಮೆ ಬಾಯಿಪಾಠ.

"ಸಾಹೇಬರ, ನಾನೂ ಮೂವತ್ತು ವರ್ಷ ನಿಮ್ಮಂಗ ಒಂದು ಹಾಳು ಮನಿ ಕಾಯ್ದೀನಿ. ನಮ್ಮಲ್ಲಿ ಪಾರಿವಾಳದ ಕಾಟ ಭಾಳ. ನಿಮ್ಮಲ್ಲಿ ಹೆಂಗೋ ಏನೋ. ನನ್ನ ಮಗಳು ನಿಮ್ಮ ತ್ವಾಟದ ಮ್ಯಾಲೆ ಬರಿಯಾಕತ್ತಾಳ, ನಾ ಆಕಿಗೆ ಒಂದು ಮಾತು ಕೇಳಿ ಕೆಲಸಾ ಕೆಡಿಸೀನಿ. ದಯಮಾಡಿ ಬಡಗಣ ಗ್ವಾಡಿ ಮ್ಯಾಲಿನ ಬಳ್ಳಿ ಸ್ವಲ್ಪ ಸರಿಸಿ, ಕೈಲೆ ಮುಟ್ಟಿ ನೋಡ್ರಿ. ಬಾಗಲಾ ಮುಚ್ಚಿದ್ದಿದ್ರ ಅಲ್ಲಿ ಕಲ್ಲು ಕೂಡಿಸಿದ್ದು ಬ್ಯಾರೆ ಇರ್ತೈತಿ, ಗಚ್ಚೂ ಬ್ಯಾರೆ ಇರ್ತೈತಿ. ಕಣ್ಣಿಗೆ ಕಾಣಲಿಕ್ಕಿಲ್ಲ, ಬೆರಳಿಗೆ ತಿಳೀತೈತಿ."

ಲಕೋಟೆಯ ಮೇಲೆ ಕೋಟೆಯ ಹೆಸರು, 'ಗೇಟು ನೋಡಿಕೊಳ್ಳುವವರಿಗೆ' ಎಂದು ಬರೆದು ಅಂಚೆಗೆ ಹಾಕಿದೆವು. ಅವ್ವನಿಗೆ ಹೇಳಿಯೇ ಹಾಕಿದೆವು. ಅವಳು ಹಾಕಿ ಎಂದಳು. ಯಾವ ಭರವಸೆಯೂ ಇಲ್ಲದ ದನಿ. ಒಂದು ತಿಂಗಳು ಹೋಯಿತು, ಎರಡು ತಿಂಗಳು ಹೋಯಿತು. ಸೆಕೆ ಶುರುವಾಯಿತು. ಅಜ್ಜ ದಿನಾ ಮಧ್ಯಾಹ್ನ ಕೆಳಗಿಳಿದು ಅಂಚೆಯವನು ಬರುವವರೆಗೆ ಪೆಟ್ಟಿಗೆಗಳ ಪಕ್ಕ ನಿಂತಿರುತ್ತಿದ್ದ. ಅವನು ಊರಿಗೆ ಹೊರಡಲು ಒಂದು ವಾರ ಇದೆ ಎನ್ನುವಾಗ ಉತ್ತರ ಬಂತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಒಡೆಯದ ಲಕೋಟೆಯನ್ನು ಮಂಚದ ಮೇಲಿಟ್ಟುಕೊಂಡು, ಟೊಪ್ಪಿಗೆ ಸರಿ ಮಾಡಿಕೊಂಡು ಕೂತಿದ್ದ.

ನೀಲಿ ಶಾಯಿಯಲ್ಲಿ ಬರೆದ ಎರಡು ಪುಟ. ಬರೆದವನು ಆ ಕೋಟೆಯ ಕಾವಲುಗಾರನೇ. ಪಾರಿವಾಳ ತಮ್ಮಲ್ಲೂ ಉಂಟು, ಆದರೆ ಕಾಗೆಗಳ ಗಲಾಟೆಯೇ ಹೆಚ್ಚು ಎಂದು ಬರೆದಿದ್ದ. ಕಚೇರಿಯವರು ಇಲ್ಲದ ಎರಡು ದಿನ ಏಣಿ ಹಾಕಿ, ಬಡಗಣ ಗೋಡೆಯ ಬಳ್ಳಿಯನ್ನು ಉದ್ದಕ್ಕೂ ಎತ್ತಿ, ನೀವು ಹೇಳಿದಂತೆ ಬೆರಳಿನಿಂದಲೇ ನೋಡಿದೆ. ಗೋಡೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಕಟ್ಟು, ಒಂದೇ ಗಚ್ಚು. ಬಾಗಿಲಿಲ್ಲ. ನಿಮ್ಮ ಮಗಳಿಗೆ ಬೇಕಾಗಿದ್ದ ಉತ್ತರ ಇದಲ್ಲವೇನೋ, ಬೇಸರವಾಗುತ್ತಿದೆ. ಇಷ್ಟು ಓದಿ ನಾನು ತಲೆ ಎತ್ತಿದೆ. ಅಜ್ಜ ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು ಯೋಚಿಸಿದೆ ಎಂದು ಹೇಳಲಾರೆ. ಚಾದರದ ಮೇಲೆ ಅವ್ವ ಕೂರುತ್ತಿದ್ದ ಜಾಗ ಎರಡೂವರೆ ತಿಂಗಳಿನಿಂದ ಖಾಲಿ ಇತ್ತು. ಅಷ್ಟು ಮಾತ್ರ ನನಗೆ ಗೊತ್ತಿತ್ತು.

"ಬಾಗಿಲು ಸಿಕ್ಕೈತಂತ ಅಜ್ಜಾ," ಎಂದೆ.

ಅಜ್ಜ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಆಮೇಲೆ ಎದ್ದು ಅಡಿಗೆಮನೆಗೆ ನಡೆದ. ಅವನು ಈ ಮನೆಯಲ್ಲಿ ಒಲೆ ಮುಟ್ಟಿದ್ದು ಅದೇ ಮೊದಲು. ಡಬ್ಬಿ ಡಬ್ಬಿ ತೆರೆಸಿ ರವೆ ಹುಡುಕಿ, ಬೆಲ್ಲ ಜಜ್ಜಿ, ಸಜ್ಜಕ ಮಾಡಲು ನಿಂತ. ರವೆ ಹುರಿಯುವ ಘಮ ಮನೆ ತುಂಬಿತು. ಪತ್ರ ಇಂಗ್ಲಿಷಿನಲ್ಲಿತ್ತು, ಅವ್ವ ಬಂದು ಓದುತ್ತಾಳೆ ಎಂಬುದು ನನಗೆ ಆ ಹೊತ್ತಿಗಷ್ಟೇ ಹೊಳೆಯಿತು. ಪತ್ರವನ್ನು ಹರಿದು ಶೌಚಾಲಯಕ್ಕೆ ಹಾಕಲೇ, ಪುಸ್ತಕದಲ್ಲಿ ಬಚ್ಚಿಡಲೇ? ಯಾವುದೂ ಮಾಡಲಿಲ್ಲ. ಹಾಸಿಗೆಯ ಅಂಚಿನಲ್ಲಿ ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದೆ.

ಐದು ಗಂಟೆಗೆ ಅವ್ವ ಬಾಗಿಲು ತೆರೆದಳು. ಚಪ್ಪಲಿ ಬಿಡುವ ಮೊದಲೇ ಅಜ್ಜ ಸೌಟು ಹಿಡಿದು ಎದುರಿಗೆ ಬಂದ.

"ಕಮಲವ್ವಾ, ಬಾಗಲಾ ಸಿಕ್ತು! ಅವನ ಹುಡುಕ್ಯಾನ. ಪತ್ರಾ ಬಂದೈತಿ!"

ಅವ್ವ ಚೀಲ ಕೆಳಗಿಟ್ಟು ನನ್ನತ್ತ ಕೈ ಚಾಚಿದಳು. ಕೊಟ್ಟೆ. ನಿಂತೇ ಓದಿದಳು. ಎರಡನೆಯ ಪುಟ ಓದಿ, ಮತ್ತೆ ಮೊದಲ ಪುಟಕ್ಕೆ ಬಂದು, ಇನ್ನೊಮ್ಮೆ ಓದಿದಳು. ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಪತ್ರವನ್ನು ಮೊದಲಿನ ಮಡಿಕೆಯಲ್ಲೇ ಮಡಚಿದಳು.

"ಹೌದಪ್ಪಾ," ಎಂದಳು. "ಐತಿ."

"ಎಲ್ಲೈತಂತ? ಬಡಗಣ ಗ್ವಾಡ್ಯಾಗೇನು?"

"ಬಡಗಣ ಗ್ವಾಡ್ಯಾಗ. ನೀವು ಹೇಳಿದಲ್ಲೇ."

ಅವತ್ತು ಅವ್ವ ನಮ್ಮ ಜತೆ ಚಾದರದ ಮೇಲೆ ಕೂತಳು. ಎರಡು ಸಲ ಸಜ್ಜಕ ಹಾಕಿಸಿಕೊಂಡಳು. ಸಿಪಾಯಿಗಳು ಬಂದಾಗ ಹೆದರಿ ಆ ಬಾಗಿಲು ಮುಚ್ಚಿರಬೇಕು, ನಮ್ಮ ಊರಲ್ಲೂ ಹಾಗೆ ಮಾಡಿದ್ದಾರೆ ಎಂದು ಅಜ್ಜ ಹೇಳುತ್ತ ಹೋದ. ಅವ್ವ ಇರಬಹುದು, ಇರಬಹುದು ಎಂದಳು. ಉಂಡ ಮೇಲೆ ನಾನು ತಟ್ಟೆ ಒಯ್ದು ಅವಳ ಪಕ್ಕ ನಿಂತೆ. ನಲ್ಲಿ ಬಿಟ್ಟುಕೊಂಡೇ, ಅಜ್ಜನಿಗೆ ಕೇಳದಷ್ಟು ಮೆಲ್ಲಗೆ ಅವ್ವ ಹೇಳಿದಳು.

"ಇನ್ನೊಮ್ಮೆ ಯಾರ ಪತ್ರಾನೂ ಹಂಗ ಓದಬ್ಯಾಡ."

ಅಷ್ಟೇ. ಬೈಯಲಿಲ್ಲ, ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ನಾನು ಈಗ ಡಾಲಸ್‌ನಲ್ಲಿ ದುಭಾಷಿಯ ಕೆಲಸ ಮಾಡುತ್ತೇನೆ. ಆಸ್ಪತ್ರೆಗಳಲ್ಲಿ ಡಾಕ್ಟರು ಹೇಳಿದ್ದನ್ನು ನಮ್ಮ ಕಡೆಯ ಹಿರಿಯರಿಗೆ ಕನ್ನಡದಲ್ಲಿ ಹೇಳುವ ಕೆಲಸ. ಕೆಲವು ಸಲ ಎದುರಿಗಿರುವ ಮುಖ ನೋಡಿದರೆ ಒಂದು ಶಬ್ದವನ್ನಾದರೂ ಮೆತ್ತಗೆ ಮಾಡೋಣ ಅನ್ನಿಸುತ್ತದೆ. ಮಾಡಿಲ್ಲ. ಒಳ್ಳೆಯ ದುಭಾಷಿ ಅನ್ನುತ್ತಾರೆ.

ಅಜ್ಜ ಸಮಾಧಾನದಿಂದ ಊರಿಗೆ ಹೋದ. ಮರುವರ್ಷ ನಾವು ಹೂಸ್ಟನ್ನಿನ ಅಂಚಿನ ಸೈಪ್ರೆಸ್ ಎಂಬಲ್ಲಿಗೆ ಶಿಫ್ಟ್ ಆದೆವು. ಕೋಟೆ ಆರು ಡಬ್ಬಗಳಲ್ಲಿ ನಮ್ಮ ಜತೆ ಬಂತು. ನೆಡದೇ ಉಳಿದ ತೋಟ ಎಂದು ಅವ್ವ ಹೊಸದಾಗಿ ಬರೆಯಲು ಕೂತಳು. ಎರಡು ವರ್ಷ ಬರೆದಳು. ಪ್ರೊಫೆಸರಮ್ಮ ನಿವೃತ್ತರಾದರು. ಅವರ ಜಾಗಕ್ಕೆ ಬಂದವರಿಗೆ ಬೇರೆ ಆಸಕ್ತಿಗಳಿದ್ದವು. ಒಂದು ದಿನ ನಾನು ಶಾಲೆಯಿಂದ ಬಂದಾಗ ಮೇಜು ಖಾಲಿ ಇತ್ತು. ಒರೆಸಿ, ನಡುವೆ ಹಣ್ಣಿನ ಬುಟ್ಟಿ ಇಟ್ಟಿದ್ದಳು. ಆಗಲೂ ನಾವು ಕೆಳಗೇ ಉಂಡೆವು, ರೂಢಿ ತಪ್ಪಿಸಲಾಗಲಿಲ್ಲ. ಅವ್ವ ಹೊಸ ಬಡಾವಣೆಗಳ ಹೆಬ್ಬಾಗಿಲು, ಹುಲ್ಲುಹಾಸು, ಕಾರಂಜಿಗಳ ನಕ್ಷೆ ತೆಗೆಯುವ ಕಂಪನಿ ಸೇರಿದಳು. ಸಪಾಟಾದ ಭತ್ತದ ಗದ್ದೆಗಳ ಮೇಲೆ ಏಳುತ್ತಿದ್ದ ಆ ಬಡಾವಣೆಗಳಿಗೆ ಬಿಲ್ಡರುಗಳು ಸ್ಕಾಟ್ಲೆಂಡಿನ ಕಣಿವೆಗಳ, ಬೆಟ್ಟಗಳ ಹೆಸರಿಡುತ್ತಿದ್ದರು. ಅವ್ವ ಅದರ ಬಗ್ಗೆ ನಗುತ್ತಲೂ ಇರಲಿಲ್ಲ, ಬೇಸರಪಟ್ಟುಕೊಳ್ಳುತ್ತಲೂ ಇರಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಅಜ್ಜ ಕೇಳುತ್ತಿದ್ದ, ಪುಸ್ತಕ ಎಲ್ಲಿಗೆ ಬಂತವಾ ಎಂದು. ನಡದೈತಪ್ಪಾ ಅನ್ನುತ್ತಿದ್ದಳು. ಆ ಹೊತ್ತಿಗೆ ನಾನು ಬೇರೆ ಕೋಣೆಗೆ ಹೋಗುತ್ತಿದ್ದೆ. ಅವಳ ಓದು ಕೆಟ್ಟದ್ದು ನನ್ನ ಸುಳ್ಳಿನಿಂದ ಎಂದು ನಾನು ನಂಬಿದ್ದೆ. ಬಾಗಿಲಿಲ್ಲ ಎಂದು ಅವತ್ತೇ ಜೋರಾಗಿ ಹೇಳಿದ್ದರೆ, ಮನೆಯವರೆಲ್ಲ ಕೂತು ಅತ್ತು ಜಗಳವಾಡಿ ಏನಾದರೂ ದಾರಿ ಕಾಣುತ್ತಿದ್ದರು, ನಾನು ಬಾಯಿ ಮುಚ್ಚಿಸಿಬಿಟ್ಟೆ ಎಂದು.

ಮತ್ತೆ ನಾಲ್ಕು ವರ್ಷ ಕಳೆದು, ಅಪ್ಪನ ಕೆಲಸ ಡಾಲಸ್ ಕಡೆಗೆ ಬದಲಾಗಿ ನಾವು ಅಲ್ಲಿಯ ಫ್ಲವರ್ ಮೌಂಡ್ ಎಂಬ ಊರಿನಲ್ಲಿದ್ದಾಗ, ನನ್ನ ಹೈಸ್ಕೂಲು ಮುಗಿಯುವ ಸಮಾರಂಭಕ್ಕೆ ಅಜ್ಜ ಎರಡನೆಯ ಸಲ ಬಂದ. ಎಂಬತ್ತರ ಹತ್ತಿರ. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಅವನಿಗಾಗಿ ನಾವೆಲ್ಲ ಮೇಜಿನ ಮೇಲೆ ಉಣ್ಣತೊಡಗಿದೆವು. ಬಂದ ಮೊದಲ ಶನಿವಾರ ಬೆಳಿಗ್ಗೆ ನಾಷ್ಟಾ ಆದ ಮೇಲೆ ಕೈ ಒರೆಸಿಕೊಂಡು ಕೇಳಿದ.

"ಪುಸ್ತಕಾ ತೋರಸವಾ. ಓದಾಕ ಬರಾಂಗಿಲ್ಲ, ಮುಟ್ಟಿ ನೋಡ್ತೀನಿ."

ಅಪ್ಪ ಫ್ರಿಜ್ಜಿನ ಬಾಗಿಲು ಹಿಡಿದು ನಿಂತವನು ಹಾಗೇ ನಿಂತ. ಅವ್ವ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

"ಪುಸ್ತಕಾ ಆಗಲಿಲ್ಲಪ್ಪಾ. ಆ ಬಾಗಲಾ ಇರಲಿಲ್ಲ. ಪತ್ರದಾಗ ಇಲ್ಲ ಅಂತ ಬರದಿದ್ದ."

ಅಜ್ಜ ನನ್ನ ಕಡೆ ತಿರುಗಿದ. ನಾನೇ ಸುಳ್ಳು ಹೇಳಿದ್ದು ಅಜ್ಜಾ ಎಂದೆ. ವಿಜಯಪುರದಲ್ಲಿ ಸಿಕ್ಕಿದವರಿಗೆಲ್ಲ ಆ ಬಾಗಿಲಿನ ಕತೆ ಹೇಳಿದವ ಅವನು.

"ಅಲ್ಲವಾ," ಎಂದ ಅವ್ವನಿಗೆ. "ಬಾಗಲಾ ಇಲ್ಲ ಅಂದ್ರ ಅದೂ ಒಂದು ಸುದ್ದೀನ ಅಲ್ಲೇನು? ಅದನ್ನ ಬರೀಬೇಕಿತ್ತು."

"ಬರದೆ. ಅರ್ಧಾ ಬರದೆ."

"ಮತ್ಯಾಕ ಬಿಟ್ಟಿ? ಈ ಹುಡುಗಿ ಸಲುವಾಗೇನು? ನಾ ಕೇಳಿದ್ದಕ್ಕೇನು?"

"ಹೂಸ್ಟನ್‌ಗೆ ಬಾ ಬಾ ಅಂತ ನಾನೇ ಹಿಂಸೆ ಮಾಡ್ದೆ ಮಾವ," ಎಂದ ಅಪ್ಪ. ಅಪ್ಪ ಅದನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದ ಎಂದು ನನಗೆ ಗೊತ್ತಿರಲಿಲ್ಲ.

ಅವ್ವ ನಮ್ಮ ಮೂವರನ್ನೂ ನೋಡಿದಳು. ತಟ್ಟೆಗಳನ್ನು ಬಿಟ್ಟು ಕುರ್ಚಿಯಲ್ಲಿ ಕೂತಳು.

"ಯಾರ ಸಲುವಾಗೂ ಅಲ್ಲ. ದಣಿದಿದ್ದೆ ಅಪ್ಪಾ. ಬಾಗಲಾ ಇದ್ದಿದ್ರೂ ಬಿಡತಿದ್ದೆ. ಒಂದಿನಾ ಪೆನ್ನು ಎತ್ತಿದೆ, ಕೈ ಏಳಲಿಲ್ಲ. ಅಷ್ಟ."

ಇಷ್ಟು ವರ್ಷ ನಾವು ಮೂವರೂ ನಮ್ಮ ನಮ್ಮ ತಪ್ಪನ್ನು ಎಣಿಸುತ್ತ ಅವಳ ಸುತ್ತ ಓಡಾಡಿದ್ದೆವು. ಯಾರೂ ಅವಳನ್ನು ದಣಿವಾಗಿದೆಯೇ ಎಂದು ಕೇಳಿರಲಿಲ್ಲ. ಅಜ್ಜ ಮೇಜಿನ ಅಂಚು ಹಿಡಿದು ಎದ್ದ.

"ಹೋಗು, ಮಲಕೋ," ಎಂದ.

"ಈಗೇನಪ್ಪಾ? ಹತ್ತೂವರಿ ಆಗೈತಿ. ಅಡಗಿ..."

"ನಿನ್ನ ಮಗಳು ಮಾಡ್ತಾಳ. ಹೋಗು."

ಹಗಲು ಮಲಗಿದ್ದನ್ನು ನಾನು ಕಂಡೇ ಇರದ ನನ್ನ ಅವ್ವ, ಎದ್ದು ಕೋಣೆಗೆ ಹೋಗಿ ಮಲಗಿದಳು. ಅಜ್ಜ ಒಂದು ಕುರ್ಚಿಯನ್ನು ಕೋಣೆಗಳ ನಡುವಿನ ಹಾದಿಯುದ್ದಕ್ಕೂ ಎಳೆದುಕೊಂಡು ಹೋಗಿ ಆ ಕೋಣೆಯ ಮುಂದೆ ಹಾಕಿಕೊಂಡು ಕೂತ. ಬಟ್ಟೆ ಒಣಗಿಸುವ ಮಷೀನು ಗುಡುಗುತ್ತಿತ್ತು. ಅಪ್ಪನಿಗೆ ಸನ್ನೆ ಮಾಡಿ ನಿಲ್ಲಿಸಿದ. ಫೋನು ಬಂದಾಗ ನನ್ನತ್ತ ಕಣ್ಣು ಬಿಟ್ಟ. ನಾನು ತಂತಿ ಕಿತ್ತೆ. ಮಧ್ಯಾಹ್ನ ಪಕ್ಕದ ಬೀದಿಯ ಆಂಟಿ ಒಬ್ಬರು ನನ್ನ ಸಮಾರಂಭದ ಊಟದ ಬಗ್ಗೆ ಅವ್ವನನ್ನು ಕೇಳಲು ಬಂದರು. ಅಜ್ಜ ಕೂತಲ್ಲಿಂದಲೇ ಕೈ ಎತ್ತಿ ಅವರನ್ನು ಹಜಾರದಲ್ಲೇ ನಿಲ್ಲಿಸಿದ.

"ಮಗಳು ಮಲಗ್ಯಾಳ್ರಿ. ಸಂಜೀ ಮುಂದ ಬರ್ರಿ."

ನಾನು ಅನ್ನ, ಸಾರು ಮಾಡಿ ಅವನ ತಟ್ಟೆಯನ್ನು ಅಲ್ಲಿಗೇ ಒಯ್ದು ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು, ಚಮಚ ತಟ್ಟೆಗೆ ತಾಗದಂತೆ ಉಂಡ. ಅಪ್ಪ ಹುಲ್ಲು ಕತ್ತರಿಸುವುದನ್ನು ಮರುದಿನಕ್ಕೆ ಹಾಕಿದ. ಅವ್ವ ಎದ್ದು ಬಂದಾಗ ನಾಲ್ಕೂವರೆ. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಅಜ್ಜ ಗೋಡೆ ಹಿಡಿದು ಎದ್ದು, ಕುರ್ಚಿ ಪಕ್ಕಕ್ಕೆ ಸರಿಸಿ, ಅವಳಿಗೆ ದಾರಿ ಬಿಟ್ಟ.